ಗ್ಯಾಸಿಗೆ ವಾಸನೆ ಕೊಟ್ಟವರು

ಅಡುಗೆಮನೆಗೆ ಕಾಲಿಟ್ಟವರು ಮೂಗು ಅರಳಿಸಿ ‘ಗ್ಯಾಸ್ ವಾಸನೆ ಬರ್ತಿದೆ, ನೋಡು’ ಎನ್ನುವುದು ಎಲ್ಲರ ಮನೆಯ ಮಾತು. ಅಜ್ಜಿಯಿಂದ ಹಿಡಿದು ಶಾಲೆಗೆ ಹೋಗುವ ಮಗುವಿನವರೆಗೆ ಎಲ್ಲರಿಗೂ ಗೊತ್ತಿರುವ ಆ ನಾತ ನಿಜಕ್ಕೂ ಗ್ಯಾಸಿನದಲ್ಲ. ಸಿಲಿಂಡರಿನಲ್ಲಿರುವ ಪ್ರೊಪೇನ್, ಬ್ಯೂಟೇನ್‌ಗಳಿಗೆ ಬಣ್ಣವಿಲ್ಲ, ಮೂಗಿಗೆ ಬಡಿಯುವಂಥ ವಾಸನೆಯೂ ಇಲ್ಲ. ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಅದಕ್ಕೆ ಬೇಕೆಂದೇ ಬೆರೆಸುತ್ತಾರೆ, ಅದೂ ಅತ್ಯಲ್ಪ ಪ್ರಮಾಣದಲ್ಲಿ. ಬೆಂಕಿ ಹತ್ತಲು ಗಾಳಿಯಲ್ಲಿ ಎಷ್ಟು ಅನಿಲ ಸೇರಬೇಕೋ ಅದರ ಐದನೇ ಒಂದು ಪಾಲು ಸೇರುವಷ್ಟರಲ್ಲೇ ಮನುಷ್ಯನ ಮೂಗು ಎಚ್ಚೆತ್ತುಕೊಳ್ಳಬೇಕು ಎಂಬುದು ಅದರ ಲೆಕ್ಕ.

ಈ ಲೆಕ್ಕ ಜಗತ್ತಿಗೆ ಕಡ್ಡಾಯವಾಗಿ ಬೇಕೆನಿಸಿದ್ದು ಒಂದು ಶಾಲೆ ನೆಲಕ್ಕುರುಳಿದ ಮೇಲೆ. ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರು, 1937ರ ಮಾರ್ಚ್ 18. ತೈಲಬಾವಿಗಳಿಂದ ಶ್ರೀಮಂತವಾಗಿದ್ದ ಪ್ರದೇಶ. ಆದರೂ ಶಾಲೆಯವರು ಖರ್ಚು ಉಳಿಸಲು ತೈಲ ಕಂಪನಿಯ ಕೊಳವೆಯಿಂದ ಉಳಿಕೆ ಅನಿಲವನ್ನು ಎಳೆದುಕೊಂಡಿದ್ದರು. ಅದಕ್ಕೆ ವಾಸನೆ ಇರಲಿಲ್ಲ. ಸೋರಿದ ಅನಿಲ ಕಟ್ಟಡದ ನೆಲದಡಿಯ ಖಾಲಿ ಜಾಗದಲ್ಲಿ ಸದ್ದಿಲ್ಲದೆ ತುಂಬಿಕೊಂಡಿತು. ಮಕ್ಕಳು ತಲೆನೋವು ಎಂದು ಹೇಳಿಕೊಂಡಿದ್ದುಂಟು, ಕಾರಣ ಯಾರಿಗೂ ಹೊಳೆಯಲಿಲ್ಲ. ಆ ಮಧ್ಯಾಹ್ನ ಕುಶಲಕಲೆಯ ಕೊಠಡಿಯಲ್ಲಿ ಮರ ಉಜ್ಜುವ ಯಂತ್ರದ ಸ್ವಿಚ್ಚಿನಿಂದ ಒಂದು ಕಿಡಿ ಹಾರಿತು. ಸುಮಾರು ಮುನ್ನೂರು ಮಕ್ಕಳು ಮತ್ತು ಶಿಕ್ಷಕರು ಸತ್ತರು. ಕೆಲವೇ ವಾರಗಳಲ್ಲಿ ಟೆಕ್ಸಾಸ್ ಶಾಸನಸಭೆ ಅನಿಲಕ್ಕೆ ವಾಸನೆ ಬೆರೆಸುವುದನ್ನು ಕಡ್ಡಾಯ ಮಾಡಿತು. ಎಂಜಿನಿಯರ್ ಎಂದು ಹೇಳಿಕೊಂಡು ಸೇವೆ ಕೊಡುವವರು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕಾನೂನು ಅಲ್ಲಿ ಬಂದದ್ದೂ ಅದೇ ವರ್ಷ, ಅದೇ ದುಃಖದ ಬೆನ್ನಿಗೆ.

ರಾಸಾಯನಿಕ ಎಂಜಿನಿಯರಿಂಗ್ ಜಗತ್ತಿಗೆ ಗೊಬ್ಬರ ಕೊಟ್ಟಿದೆ, ಔಷಧ ಕೊಟ್ಟಿದೆ, ಕುಡಿಯುವ ನೀರನ್ನು ಶುದ್ಧ ಮಾಡಿ ಕೊಟ್ಟಿದೆ. ಆದರೂ ಅದರ ಕೆಲಸಗಳಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವುದು ಈ ವಾಸನೆ. ಅದನ್ನು ಗ್ರಹಿಸಲು ಓದುಬರಹ ಬೇಡ, ಇಂಗ್ಲಿಷ್ ಬೇಡ, ಮೀಟರ್ ಬೇಡ. ಸ್ಥಾವರದೊಳಗೆ ತಜ್ಞರಿಗಷ್ಟೇ ಗೊತ್ತಿದ್ದ ಅಪಾಯವೊಂದನ್ನು ಯಾವ ಮನೆಯ ಯಾವ ಹೆಣ್ಣುಮಗಳಾದರೂ ತಿಳಿಯುವಂತೆ ಮಾಡಿಟ್ಟರು. ಉಳಿದ ಅಪಾಯಗಳ ವಿಷಯದಲ್ಲಿ ಇಂಥ ಕಾಳಜಿಯನ್ನು ನಾವೇಕೆ ತೋರಿಸಲಿಲ್ಲ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಭೋಪಾಲದ ಕಥೆಯನ್ನು ನಾವು ಹೆಚ್ಚಾಗಿ ಯಂತ್ರಗಳ ವೈಫಲ್ಯವಾಗಿ ಓದಿಕೊಂಡಿದ್ದೇವೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿಗೆ ನೀರು ಸೇರಿತು. ಅದರಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಇತ್ತು. ತಣ್ಣಗಿಡಬೇಕಾದ ಶೀತಕ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಹೊರಬಿದ್ದ ವಿಷಾನಿಲವನ್ನು ಸುಟ್ಟುಹಾಕಬೇಕಿದ್ದ ಗೋಪುರದ ಕೊಳವೆ ಬಿಚ್ಚಿಟ್ಟಿತ್ತು. ಇವೆಲ್ಲ ನಿಜ. ಆದರೆ ಅಷ್ಟೇ ಭೀಕರವಾದ ಇನ್ನೊಂದು ಸಂಗತಿಯಿದೆ. ಊರಿನವರನ್ನು ಎಚ್ಚರಿಸುವ ಸೈರನ್ ರಾತ್ರಿ ಒಂದು ಗಂಟೆಯ ಹೊತ್ತಿಗೆ ಸ್ವಲ್ಪ ಕಾಲ ಕೂಗಿ ನಿಂತುಬಿಟ್ಟಿತು. ಸುಮ್ಮನೆ ಜನ ಗಾಬರಿಯಾಗಬಾರದೆಂದು ಕಾರ್ಖಾನೆಯವರು ಮಾಡಿಕೊಂಡಿದ್ದ ಏರ್ಪಾಡು ಅದು. ಮತ್ತೆ ಅದು ಪೂರ್ತಿ ದನಿಯಲ್ಲಿ ಕೂಗಿದ್ದು ಎರಡು ಗಂಟೆ ಹೊಡೆದ ಮೇಲೆ. ಅಷ್ಟರಲ್ಲಿ ಗುಡಿಸಲುಗಳಲ್ಲಿ ಮಲಗಿದ್ದವರು ಉರಿಗಣ್ಣಿನಲ್ಲಿ ಎದ್ದು, ಗಾಳಿ ಬೀಸಿದ ದಿಕ್ಕಿಗೇ ಓಡತೊಡಗಿದ್ದರು. ಓಡಿದಷ್ಟೂ ಉಸಿರು ಜೋರಾಗುತ್ತದೆ, ಉಸಿರಾಡಿದಷ್ಟೂ ವಿಷ ಒಳಗೆ ಹೋಗುತ್ತದೆ. ಆ ಅನಿಲ ನೀರಿನೊಡನೆ ಸೇರಿ ಕರಗುವಂಥದ್ದು. ಒದ್ದೆ ಬಟ್ಟೆಯನ್ನು ಮೂಗುಬಾಯಿಗೆ ಒತ್ತಿಹಿಡಿದು, ಗಾಳಿಗೆ ಅಡ್ಡವಾಗಿ ಸರಿಯಿರಿ ಎಂಬ ಒಂದು ಮಾತು ಮೊದಲೇ ಬಸ್ತಿಗಳಿಗೆ ತಲುಪಿದ್ದರೆ ಅದೆಷ್ಟು ಮಂದಿ ಬದುಕುತ್ತಿದ್ದರೋ. ಆ ಮಾತನ್ನು ತಲುಪಿಸಲು ಕೋಟಿ ರೂಪಾಯಿಯ ಉಪಕರಣವೇನೂ ಬೇಕಿರಲಿಲ್ಲ.

ಇಂಥ ಅವಘಡಗಳನ್ನು ತಡೆಯಲು ರಾಸಾಯನಿಕ ಸ್ಥಾವರಗಳಿಗೆ ಸುರಕ್ಷತಾ ಸಲಹೆ ನೀಡುವ ಎಂಜಿನಿಯರಿಂಗ್ ಸಂಸ್ಥೆಗಳು ಈಗ ನಮ್ಮ ಊರುಗಳಲ್ಲೂ ಸಾಕಷ್ಟಿವೆ. ಅವರ ಮುಖ್ಯ ಸಾಧನಗಳಲ್ಲಿ ಒಂದು ‘ಹ್ಯಾಜಾಪ್’. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ 1960ರ ದಶಕದಲ್ಲಿ ರೂಪುಗೊಂಡ ವಿಧಾನ ಇದು. ಸ್ಥಾವರದ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು, ವಿನ್ಯಾಸ ಮಾಡಿದವರು, ಯಂತ್ರ ನಡೆಸುವವರು, ದುರಸ್ತಿಯವರು ಸುತ್ತ ಕೂರುತ್ತಾರೆ. ಒಂದೊಂದು ಕೊಳವೆಗೂ ಅದೇ ಪ್ರಶ್ನೆಗಳು. ಇಲ್ಲಿ ಹರಿವು ನಿಂತರೆ? ಹೆಚ್ಚಾದರೆ? ಹಿಂದಕ್ಕೆ ಹರಿದರೆ? ಶಾಖ ಏರಿದರೆ? ಬೇರೇನೋ ಬೆರೆತರೆ? ದಿನಗಟ್ಟಲೆ ಕುಳಿತು ಮಾಡುವ ಬೇಸರದ ಕೆಲಸ, ಆದರೆ ಮಾಡಿದವರಿಗೆ ಅದರ ಬೆಲೆ ಗೊತ್ತು. ಪರವಾನಗಿ ನವೀಕರಣಕ್ಕೆ ಲಗತ್ತಿಸುವ ಕಾಗದವಾಗಿ ಇದನ್ನು ನೋಡುವ ಮಾಲೀಕರು ತಮ್ಮ ಕಾರ್ಮಿಕರಿಗೆ ದ್ರೋಹ ಮಾಡುತ್ತಾರೆ. ಆ ಮೇಜಿನ ಸುತ್ತ ಒಬ್ಬರಿಗೆ ಮಾತ್ರ ಕುರ್ಚಿ ಇರುವುದಿಲ್ಲ, ಕಾಂಪೌಂಡಿನ ಆಚೆ ಮನೆ ಕಟ್ಟಿಕೊಂಡವರಿಗೆ. ಸೋರಿದರೆ ಮೊದಲು ಯಾರಿಗೆ ಫೋನ್ ಹೋಗುತ್ತದೆ, ಯಾವ ಭಾಷೆಯಲ್ಲಿ ಹೇಳುತ್ತೀರಿ ಎಂದು ಕೇಳುವವರು ಆ ಕೋಣೆಯಲ್ಲಿ ಬೇಕು.

ಕಾನೂನು ಇಲ್ಲವೆಂದಲ್ಲ. ಭೋಪಾಲದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ 41ಬಿ ಎಂಬ ಕಲಂ ಸೇರಿತು. ಅಪಾಯಕಾರಿ ಕೆಲಸ ನಡೆಸುವ ಕಾರ್ಖಾನೆ ತನ್ನ ಕಾರ್ಮಿಕರಿಗೆ ಮಾತ್ರವಲ್ಲ, ಸ್ಥಳೀಯ ಸಂಸ್ಥೆಗೆ, ಸುತ್ತಲಿನ ಸಾರ್ವಜನಿಕರಿಗೆ ಕೂಡ ಅಪಾಯಗಳ ಮಾಹಿತಿ ಕೊಡಲೇಬೇಕು ಎಂದಿತು ಅದು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. 1996ರಲ್ಲಿ ರಾಸಾಯನಿಕ ಅವಘಡ ನಿಯಮಗಳು ಬಂದು, ಜಿಲ್ಲೆಗೊಂದು, ಕೈಗಾರಿಕಾ ಪ್ರದೇಶಕ್ಕೊಂದು ಬಿಕ್ಕಟ್ಟು ನಿರ್ವಹಣಾ ಸಮಿತಿ ಇರಬೇಕೆಂದವು. ಇಷ್ಟಾದ ಮೇಲೂ 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂನಲ್ಲಿ ಎಲ್‌ಜಿ ಪಾಲಿಮರ್ಸ್‌ನ ಟ್ಯಾಂಕಿನಿಂದ ಸ್ಟೈರಿನ್ ಆವಿ ಹೊರಬಂತು. ಲಾಕ್‌ಡೌನಿನಲ್ಲಿ ವಾರಗಟ್ಟಲೆ ನಿಂತಿದ್ದ ಟ್ಯಾಂಕಿನಲ್ಲಿ ಶಾಖ ಏರಿ, ಸ್ಟೈರಿನ್ ತನಗೆ ತಾನೇ ಗಟ್ಟಿಯಾಗುವ ಕ್ರಿಯೆ ಶುರುವಾಗಿತ್ತು. ಜನ ಬೀದಿಯಲ್ಲೇ ಕುಸಿದುಬಿದ್ದರು, ಹನ್ನೆರಡು ಮಂದಿ ಸತ್ತರು. ಕಾರ್ಖಾನೆಯಲ್ಲಿ ಸೈರನ್ ಒತ್ತಲು 36 ಕಡೆ ಅನುಕೂಲವಿತ್ತು, ಒಂದನ್ನೂ ಬಳಸಲಿಲ್ಲ ಎಂದು ರಾಜ್ಯ ಸರ್ಕಾರದ ಉನ್ನತ ಸಮಿತಿ ಬರೆಯಿತು. ಭೋಪಾಲಕ್ಕೂ ಇದಕ್ಕೂ ನಡುವೆ ಮೂವತ್ತೈದು ವರ್ಷ ಕಳೆದಿತ್ತು.

ನಮ್ಮ ಕರಾವಳಿಯವರಿಗೆ ಅಪಾಯ ಕಾರ್ಖಾನೆಯ ಗೇಟಿನೊಳಗೇ ನಿಲ್ಲುವುದಿಲ್ಲ, ಚಕ್ರದ ಮೇಲೆ ಮನೆಮುಂದೆ ಹಾದುಹೋಗುತ್ತದೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತುವ, ಹೆದ್ದಾರಿ 66ರಲ್ಲಿ ಗೋವಾದತ್ತ ಹೋಗುವ ಉದ್ದನೆಯ ಎಲ್‌ಪಿಜಿ ಬುಲೆಟ್ ಟ್ಯಾಂಕರುಗಳಲ್ಲಿ ಹದಿನೇಳು ಹದಿನೆಂಟು ಟನ್ ದ್ರವ ಅನಿಲ ಇರುತ್ತದೆ. ಹೊರಬಂದರೆ ಅದು ಸುಮಾರು 250 ಪಟ್ಟು ಹಿಗ್ಗುತ್ತದೆ, ಗಾಳಿಗಿಂತ ಭಾರವಾದ್ದರಿಂದ ಮೇಲೇರದೆ ನೆಲ ಹಿಡಿದು ತಗ್ಗಿನತ್ತ ಹರಿಯುತ್ತದೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ, 2015ರ ಸೆಪ್ಟೆಂಬರ್ 1ರಂದು ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ ಟ್ಯಾಂಕರ್ ಉರುಳಿದಾಗ ಜೀವ ತೆತ್ತವರಲ್ಲಿ ರಸ್ತೆಬದಿಯ ಮನೆಯವರು ಇದ್ದರು. ಅವರು ಅನಿಲ ಕೊಂಡವರೂ ಅಲ್ಲ, ಮಾರಿದವರೂ ಅಲ್ಲ.

ಆ ಟ್ಯಾಂಕರುಗಳ ಬೆನ್ನಿನ ಮೇಲೆ ಒಂದು ಫಲಕ ಇರುತ್ತದೆ. ಒಳಗಿರುವುದರ ಹೆಸರು, ನಾಲ್ಕು ಅಂಕಿಯ ಒಂದು ಸಂಖ್ಯೆ, ಅಪಾಯದ ಚಿತ್ರ, ತುರ್ತು ಫೋನ್ ನಂಬರು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇದು ಕಡ್ಡಾಯ. ಸಂಖ್ಯೆ ಇಡೀ ಜಗತ್ತಿಗೆ ಒಂದೇ. 1075 ಎಂದರೆ ಎಲ್‌ಪಿಜಿ, 1203 ಪೆಟ್ರೋಲ್, 1005 ಅಮೋನಿಯ, 1017 ಕ್ಲೋರಿನ್. ಹೆದ್ದಾರಿ ಬದಿಯ ಹೋಟೆಲಿನವರು, ಪಂಕ್ಚರ್ ಅಂಗಡಿಯವರು, ಆಟೋ ಚಾಲಕರು ಇಷ್ಟು ನಾಲ್ಕು ಸಂಖ್ಯೆ ಕಲಿತರೂ ಅಗ್ನಿಶಾಮಕ ದಳಕ್ಕೆ ಹೋಗುವ ಮೊದಲ ಫೋನ್ ಕರೆಗೆ ಎಷ್ಟೋ ಬಲ ಬರುತ್ತದೆ. ಟ್ಯಾಂಕರ್ ಉರುಳಿದೆಯೆಂದರೆ ಮೊದಲು ಒಲೆ ಆರಿಸಬೇಕು, ವಾಹನ ಚಾಲೂ ಮಾಡಬಾರದು, ಫೋಟೊ ತೆಗೆಯಲು ಹತ್ತಿರ ಹೋಗಬಾರದು, ತಗ್ಗಿನ ಜಾಗ ಬಿಟ್ಟು ಗಾಳಿ ಬರುವ ಕಡೆಗೆ ದೂರ ಸರಿಯಬೇಕು. ಇದನ್ನು ಹೇಳಿಕೊಡಲು ಹೆದ್ದಾರಿ ಬದಿಯ ಶಾಲೆಗಳಲ್ಲಿ ಒಂದು ಅವಧಿ ಸಾಕು.

ಮೂಗನ್ನೇ ನಂಬಿ ಕೂರಲಾಗದ ಅನಿಲಗಳೂ ಇವೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಅದು ಅರೆಬರೆ ಉರಿಯಿಂದ ಅಲ್ಲೇ ತಯಾರಾಗುವ ಅನಿಲ, ಮೊದಲೇ ವಾಸನೆ ಬೆರೆಸಲು ಯಾರಿಂದಲೂ ಆಗದು. ಸ್ನಾನಕ್ಕೆ ಹೋದವರು ತಲೆ ಸುತ್ತಿ ಬಿದ್ದು ಏಳದೇ ಹೋದ ಸುದ್ದಿಯನ್ನು ಬೆಂಗಳೂರಿನ ಪತ್ರಿಕೆಗಳು ಎಷ್ಟು ಸಲ ಬರೆದಿವೆ! ಗೀಸರನ್ನು ಬಚ್ಚಲಿನ ಹೊರಗೆ ಕೂರಿಸುವುದೊಂದೇ ಸರಿಯಾದ ದಾರಿ. ಮಲಗುಂಡಿ, ಮ್ಯಾನ್‌ಹೋಲುಗಳ ಹೈಡ್ರೋಜನ್ ಸಲ್ಫೈಡ್ ಇನ್ನೂ ಕ್ರೂರ. ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಏರಿದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಎಂದುಕೊಂಡು ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಇಳಿದ ಅಣ್ಣನೋ ಗೆಳೆಯನೋ ಅವನ ಮೇಲೇ ಬೀಳುತ್ತಾನೆ. ರಕ್ಷಣಾ ಸಾಧನಗಳನ್ನು ಕೊಡದೆ ಗುಂಡಿಗೆ ಮನುಷ್ಯರನ್ನು ಇಳಿಸುವುದು, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಯಂತ್ರ ಬರಲು ಎರಡು ದಿನ ತಡವಾಗುತ್ತದೆಂದು ಕೂಲಿ ಮಾಡುವವರನ್ನು ಕರೆದು ಇಳಿಸುವ ಮನೆ ಮಾಲೀಕರನ್ನು ನಾನು ಕ್ಷಮಿಸಲಾರೆ.

ಮನೆಯೊಳಗಿನ ಮಾತಿಗೆ ಬಂದರೆ, ಶೌಚಾಲಯ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಸುರಿಯುವ ಅಭ್ಯಾಸ ಹಲವು ಕಡೆ ಇದೆ. ಎರಡು ಸೇರಿದರೆ ಹೆಚ್ಚು ಬೆಳ್ಳಗಾಗುತ್ತದೆ ಎಂಬ ನಂಬಿಕೆ. ಹುಟ್ಟುವುದು ಕ್ಲೋರಿನ್, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ಅನಿಲ. ಅದನ್ನು ಉಸಿರಾಡುವವರು ಹೆಚ್ಚಾಗಿ ಮನೆಗೆಲಸಕ್ಕೆ ಬರುವ ಹೆಂಗಸರು, ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳ ಸ್ವಚ್ಛತಾ ಕಾರ್ಮಿಕರು. ಕೆಮ್ಮು ಬಂದರೆ ‘ಆಸಿಡ್ ಸ್ವಲ್ಪ ಜಾಸ್ತಿ ಆಯ್ತಮ್ಮ’ ಎಂದು ಸೆರಗು ಮುಚ್ಚಿಕೊಂಡು ಕೆಲಸ ಮುಂದುವರಿಸುತ್ತಾರೆ. ಬಾಗಿಲು ತೆರೆದಿಟ್ಟು ಹೊರಗೆ ಬಾರಮ್ಮ, ಅದನ್ನು ಆಮೇಲೆ ನೋಡೋಣ ಎನ್ನುವುದು ಮನೆಯವರ ಕರ್ತವ್ಯ. ಇನ್ನು ಗಾಡಿಯಲ್ಲಿ ಬರುವ ಬಿಡಿ ಫಿನಾಯಿಲ್, ಆಸಿಡ್‌ಗಳನ್ನು ಹಳೆಯ ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿಡುತ್ತೇವೆ. ಬಾಯಾರಿದ ಮಗುವಿಗೆ ಬಾಟಲಿಯ ಆಕಾರವಷ್ಟೇ ಗೊತ್ತು. ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಆಸಿಡ್ ಮೇಲೆ ಬರುವಾಗ ಗಂಟಲನ್ನು ಎರಡನೇ ಸಲ ಸುಡುತ್ತದೆ, ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ನೇರ ಆಸ್ಪತ್ರೆಗೆ ಓಡಬೇಕು.

ಕೀಟನಾಶಕದ ಡಬ್ಬಿಗಳ ಮೇಲೆ ಚೌಕವನ್ನು ಓರೆಯಾಗಿ ನಿಲ್ಲಿಸಿದಂಥ ಒಂದು ಗುರುತಿದೆ. ಅದರ ಅರ್ಧಕ್ಕೆ ಬಣ್ಣ ತುಂಬಿರುತ್ತದೆ. ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. 1971ರ ನಿಯಮಗಳು ಓದು ಬಾರದ ರೈತರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ವ್ಯವಸ್ಥೆ ಮಾಡಿದವು. ಮರ್ಕ್ಯಾಪ್ಟನ್ ವಾಸನೆಯ ಹಿಂದಿದ್ದ ಕಾಳಜಿಯೇ ಇಲ್ಲೂ ಇದೆ. ಆದರೆ ಆ ಬಣ್ಣಗಳ ಅರ್ಥವನ್ನು ಹೊಲಕ್ಕೆ ಹೋಗಿ ಹೇಳಿಕೊಡುವ ಕೆಲಸ ಅರ್ಧಕ್ಕೇ ನಿಂತಿದೆ. ಸಿಂಪಡಿಸುವ ಕೂಲಿಯವರ ಕೈಗೆ ಡಬ್ಬಿ ಬರುವ ಹೊತ್ತಿಗೆ ಎಷ್ಟೋ ಸಲ ಚೀಟಿ ಕಿತ್ತುಹೋಗಿರುತ್ತದೆ.

ಬೈಕಂಪಾಡಿ, ನಂಜನಗೂಡು, ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು, ಎಲ್ಲ ಕಡೆ ಕೈಗಾರಿಕಾ ಪ್ರದೇಶಗಳ ಬೇಲಿಗೆ ಅಂಟಿಕೊಂಡೇ ಊರುಗಳಿವೆ. ಅಲ್ಲಿನ ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆ ಕುಡಿಯುವ ನೀರಿನ ಯೋಜನೆಯ ವಿವರ ಬರೆದಂತೆಯೇ, ಪಕ್ಕದ ಸ್ಥಾವರದ ಟ್ಯಾಂಕುಗಳಲ್ಲಿ ಏನಿದೆ, ಎಷ್ಟಿದೆ, ಸೈರನ್ ಹೇಗೆ ಕೂಗುತ್ತದೆ, ಕೂಗಿದರೆ ಮನೆಯೊಳಗೆ ಕಿಟಕಿ ಮುಚ್ಚಿ ಇರಬೇಕೋ ಹೊರಗೆ ಹೋಗಬೇಕೋ, ಹೋದರೆ ಯಾವ ರಸ್ತೆ ಎಂಬುದನ್ನು ಬರೆಸಬೇಕು. ಕಾರ್ಖಾನೆಯ ಮೇಲೆ ಗಾಳಿಯ ದಿಕ್ಕು ತೋರಿಸುತ್ತ ಹಾರಾಡುವ ಗಾಳಿಚೀಲ ಯಾಕಿದೆ ಎಂದು ಮಕ್ಕಳಿಗೆ ತೋರಿಸಿಕೊಡಬೇಕು. ವರ್ಷಕ್ಕೊಮ್ಮೆಯ ಅಣಕು ಕಾರ್ಯಾಚರಣೆ ಗೇಟಿನೊಳಗೇ ಮುಗಿಯದೆ ಊರಿನ ಓಣಿಗೂ ಬರಬೇಕು, ಸ್ಥಳೀಯ ಬಿಕ್ಕಟ್ಟು ಸಮಿತಿಯ ಸದಸ್ಯರು ಯಾರೆಂದು ಜನರಿಗೆ ಮುಖಪರಿಚಯವಾಗಬೇಕು. ಇವನ್ನೆಲ್ಲ ಮುಂದಿನ ಗ್ರಾಮಸಭೆಯಲ್ಲೇ ಕೇಳಬಹುದು. ಕೇಳಿದ್ದಕ್ಕೆ ಉತ್ತರ ಲಿಖಿತವಾಗಿ, ಕನ್ನಡದಲ್ಲಿ ಬರಲಿ ಎಂದು ಠರಾವಿನಲ್ಲಿ ಸೇರಿಸಿ.