ಕೈಹಿಡಿದು ಎಬ್ಬಿಸುವ ಮನೆ



ಯೇಸುಸ್ವಾಮಿ ಪ್ರಾರ್ಥನಾಮಂದಿರದಿಂದ ನೇರವಾಗಿ ಸೀಮೋನನ ಮನೆಗೆ ಹೋದರು. ಜ್ವರದಿಂದ ಮಲಗಿದ್ದ ಅವನ ಅತ್ತೆಯನ್ನು ಕೈಹಿಡಿದು ಎಬ್ಬಿಸಿದರು (ಮಾರ್ಕ 1:29-31). ರೋಗಿಯನ್ನು ತಮ್ಮ ಬಳಿಗೆ ಕರೆಸಿಕೊಳ್ಳಲಿಲ್ಲ, ತಾವೇ ಹಾಸಿಗೆಯ ಬಳಿಗೆ ನಡೆದರು.

ಇಟ್ಟಿಗಿಯಂಥ ಊರಿನಲ್ಲಿ ಲಕ್ವ ಹೊಡೆದ ಹಿರಿಯರನ್ನು ಫಿಸಿಯೋಥೆರಪಿಗೆಂದು ದಿನವೂ ಹಡಗಲಿಯ ಬಸ್ಸು ಹತ್ತಿಸುವುದು ಸುಲಭವಲ್ಲ. ಆ ಚಿಕಿತ್ಸೆ ಮನೆಗೇ ಬಂದರೆ ಅನುಗ್ರಹವೇ ಸರಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಈ ಬಗ್ಗೆ ವಿಚಾರಿಸಿರಿ.

ಆದರೆ ಚಿಕಿತ್ಸಕರು ಇರುವುದು ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಮನೆಯವರದು. ಅವರು ತೋರಿಸಿದ ವ್ಯಾಯಾಮವನ್ನು ಕಲಿತು ಮಾಡಿಸಿರಿ. ಸೋತ ಕೈಯನ್ನು ಜಗ್ಗಿ ಎಬ್ಬಿಸಬೇಡಿ, ಭುಜಕ್ಕೆ ಪೆಟ್ಟಾದೀತು. ತಾವಾಗಿ ಹೊರಳಲಾರದವರ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸಿರಿ, ಇಲ್ಲವಾದರೆ ಹಾಸಿಗೆಹುಣ್ಣು ಆಗುತ್ತದೆ. ತಡವಾದರೂ ಸರಿ, ಕೈಲಾದವರು ತಮ್ಮ ತುತ್ತನ್ನು ತಾವೇ ಎತ್ತಲಿ.

“ವಯಸ್ಸಾಯಿತು, ಇನ್ನೇನು” ಎಂಬ ನಮ್ಮ ಮಾತೇ ಎಷ್ಟೋ ಹಿರಿಯರನ್ನು ಹಾಸಿಗೆಗೆ ಕಟ್ಟಿಹಾಕಿದೆ. ಸೀಮೋನನ ಅತ್ತೆ ಎದ್ದು ಉಪಚಾರಕ್ಕೆ ನಿಂತಳು. ನಮ್ಮವರು ಅಷ್ಟು ಬೇಗ ಏಳಲಿಕ್ಕಿಲ್ಲ. ಕೆಲವರು ಏಳದೆಯೂ ಇದ್ದಾರು. ಆದರೂ ಹಿಡಿದ ಕೈಯನ್ನು ಬಿಡಬಾರದು. ಇಂದು ಸಂಜೆ ಜಪಸರಕ್ಕೆ ಮೊದಲು ಹತ್ತು ನಿಮಿಷ ಅವರ ಕೈಕಾಲು ಆಡಿಸಿರಿ. ಅದೂ ಪ್ರಾರ್ಥನೆಯೇ.