ಬೆಲೆ ಎಲ್ಲಿ ಹುಟ್ಟುತ್ತದೆ?



ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯವರಿಗೆ ಹರಾಜು ಹೊಸದಲ್ಲ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹೊಗೆಸೊಪ್ಪಿನ ಬೇಲ್ ಇಟ್ಟು ಕಾದು ನಿಂತವರಿಗೆ ಗೊತ್ತು: ಒಂದೇ ಹೊಲದ, ಒಂದೇ ಬ್ಯಾರನ್ನಿನ ಸೊಪ್ಪಿಗೆ ಇವತ್ತೊಂದು ಬೆಲೆ, ಬರುವ ವಾರ ಇನ್ನೊಂದು. ಕೊಳ್ಳುವವರಿಗೆ ಬೇಡವಾದರೆ ಬೇಲ್ ಹಾಗೇ ಮನೆಗೆ ವಾಪಸ್. ಸೊಪ್ಪು ಅದೇ, ಬೇಕು ಅನ್ನುವವರ ಮನಸ್ಸು ಮಾತ್ರ ಬೇರೆ.

ಹೊಗೆಸೊಪ್ಪಿನ ವ್ಯಾಪಾರದಿಂದಲೇ ಹುಟ್ಟಿದ ಒಂದು ಕಾಗದದ ತುಂಡಿನ ಕಥೆ ಕೇಳಿ. ಅಮೆರಿಕದಲ್ಲಿ ಸಿಗರೇಟು ಪ್ಯಾಕೆಟ್ ಮಡಚಿಹೋಗದಿರಲೆಂದು ಒಳಗೊಂದು ದಪ್ಪ ಕಾರ್ಡು ಇಡುತ್ತಿದ್ದರು. ಬರಬರುತ್ತಾ ಅದರ ಮೇಲೆ ಬೇಸ್‌ಬಾಲ್ ಆಟಗಾರರ ಚಿತ್ರ ಅಚ್ಚು ಹಾಕಿದರು. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಹೊರತಂದ ಇಂಥ ಕಾರ್ಡುಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನದೂ ಒಂದಿತ್ತು. ಅದರ ಅಚ್ಚು ಬೇಗನೆ ನಿಂತುಹೋಯಿತು. ಮಕ್ಕಳು ಕಾರ್ಡಿನ ಆಸೆಗೆ ಸಿಗರೇಟು ಕೊಳ್ಳಬಾರದೆಂದು ಅವನೇ ತಡೆದನೆಂದು ಕೆಲವರು ಹೇಳುತ್ತಾರೆ. ಹಣದ ಮಾತು ಕುದುರಲಿಲ್ಲವೆಂದು ಇನ್ನು ಕೆಲವರು. ಇಂದು ಉಳಿದಿರುವುದು ಸುಮಾರು ಐವತ್ತು ಅರವತ್ತು ಕಾರ್ಡು. 2022ರಲ್ಲಿ ಅದರಲ್ಲೊಂದು 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ ಐವತ್ತೇಳು ಕೋಟಿ ರೂಪಾಯಿಯ ಆಸುಪಾಸು!

ಅದೇ ಕಂತಿನ ಬೇರೆ ಕಾರ್ಡುಗಳದ್ದೂ ಅದೇ ಬಗೆಯ ಕಾಗದ, ಅದೇ ಶಾಯಿ. ಹಾಗಾದರೆ ಕೋಟಿ ಎಲ್ಲಿತ್ತು? ಅಚ್ಚಾದದ್ದು ಕಡಿಮೆ. ಅದರಲ್ಲೂ ಉಳಿದದ್ದು ಕಡಿಮೆ. ಅಸಲಿ ಎಂಬುದಕ್ಕೆ ಪುರಾವೆ ಇದೆ. ಹೇಳಲು ಕಥೆ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಹಣವುಳ್ಳ ಇಬ್ಬರಿಗಾದರೂ ಅದು ಬೇಕೇ ಬೇಕು. ಇದರಲ್ಲಿ ಒಂದು ಕಳಚಿದರೂ ಬೆಲೆ ಕುಸಿಯುತ್ತದೆ. 1980ರ ದಶಕದ ಕೊನೆಯಲ್ಲಿ, ಮುಂದೆ ಬೆಲೆ ಬರುತ್ತದೆಂದು ಅಮೆರಿಕದ ಜನ ಹೊಸ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಕೂಡಿಟ್ಟರು. ಕಂಪನಿಗಳೂ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಎಲ್ಲರೂ ಕಾಪಾಡಿದ್ದು ಅಪರೂಪವಾಗುವುದು ಹೇಗೆ? ಅವುಗಳಲ್ಲಿ ಬಹುಪಾಲು ಇಂದು ಬಿಡಿಗಾಸಿಗೂ ಹೋಗುವುದಿಲ್ಲ.

ಭಗವಾನ್ ಬುದ್ಧರು ಬೋಧಿಸಿದ ಪಟಿಚ್ಚಸಮುಪ್ಪಾದವನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಯಾವುದೂ ತಾನಾಗಿ ನಿಲ್ಲುವುದಿಲ್ಲ; ಕಾರಣಗಳು ಕೂಡಿದಾಗ ಹುಟ್ಟುತ್ತದೆ, ಅಗಲಿದಾಗ ಅಳಿಯುತ್ತದೆ. ಬೆಲೆಯೂ ಅಷ್ಟೆ.

ಇದು ನಮ್ಮ ಮನೆಬಾಗಿಲಿನ ಮಾತೂ ಹೌದು. ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಅವು 2012ರಲ್ಲಿ ಹೊರಬಂದು ಜನರ ಕೈಯಲ್ಲಿ ಓಡಾಡಿದ ನಾಣ್ಯಗಳು. ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ ಇದನ್ನು ನಂಬಿದರು. ‘ನೋಂದಣಿ’ಗೆಂದು ಒಮ್ಮೆ, ‘ತೆರಿಗೆ’ಗೆಂದು ಇನ್ನೊಮ್ಮೆ, ಗೊಬ್ಬರಕ್ಕೆ ಇಟ್ಟಿದ್ದ ದುಡ್ಡು ಹೋಯಿತು. ನಾಣ್ಯ ಮಾತ್ರ ಡಬ್ಬಿಯಲ್ಲೇ ಉಳಿಯಿತು. ತನ್ನ ಹೆಸರು ಹೇಳಿ ಹೀಗೆ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ಆದರೆ ಆ ಎಚ್ಚರಿಕೆ ಅವರವರೆಗೆ ಬರಲೇ ಇಲ್ಲ. ಮೋಸದ ಸಂದೇಶ ಬಂತು.

ಆ ತಾಯಿಯನ್ನು ದುರಾಸೆಯವಳೆಂದು ಆಡಿಕೊಳ್ಳಬೇಡಿ. ಸಾಲ ತೀರಲಿ ಎಂಬ ಆಸೆ ದುಃಖದಿಂದ ಹುಟ್ಟಿದ ಆಸೆ. ಅದೂ ತಣ್ಹಾವೇ, ನಿಜ. ಆದರೆ ಮೋಸಗಾರ ಮಾರಿದ್ದು ನಾಣ್ಯವನ್ನಲ್ಲ, ಆಕೆಯ ಆಸೆಯನ್ನೇ ಆಕೆಗೆ ಮಾರಿದ. ಹಂಬಲ ಗಟ್ಟಿಯಾಗಿ ಹಿಡಿದುಕೊಂಡಾಗ, ಅಂದರೆ ಉಪಾದಾನವಾದಾಗ, ಕಣ್ಣ ಮುಂದಿನ ಕಾರಣಗಳೂ ಕಾಣುವುದಿಲ್ಲ. ಅಂಥವರ ಪಕ್ಕ ಕುಳಿತು ಆ ಕಾರಣಗಳನ್ನು ತೋರಿಸುವುದೇ ನಮ್ಮ ಕರುಣೆ.

*ಇಂದಿನ ಅಭ್ಯಾಸ:* ಒಂದು ವಸ್ತುವಿನ ಬೆಲೆ ಕೇಳಿ ಮನಸ್ಸು ಜಿಗಿದಾಗ ಮೂರು ಉಸಿರು ನಿಲ್ಲಿ. ಇದು ಎಷ್ಟಿದೆ? ಯಾರಿಗೆ ಬೇಕು? ನನಗೇಕೆ ಬೇಕು? ಎಂದು ಕೇಳಿಕೊಳ್ಳಿ. ಮಾರಲು ಹೋದವರಿಂದಲೇ ಮೊದಲು ಹಣ ಕೇಳಿದರೆ ಅಲ್ಲಿಗೇ ಬಿಡಿ. ಯಾರಾದರೂ ಈಗಾಗಲೇ ಹಣ ಕಳೆದುಕೊಂಡಿದ್ದರೆ, ಬಯ್ಯುವ ಮೊದಲು 1930ಕ್ಕೆ ಕರೆ ಮಾಡಿಸಿ.

ಎಲ್ಲರಿಗೂ ಮಂಗಳವಾಗಲಿ. 🙏