ಆ ಐದು ದಿನ

ಒಂದು ಊರಿನ ಮನೆಗಳಿಗೆಲ್ಲ ಚುಕ್ಕಿ ಇಡಿ. ಯಾವ ಮನೆಗೂ ಯಾವ ಮನೆಗೂ ಹೋಗಿಬರೋದು ಇದೆಯೋ ಅಲ್ಲಿ ಗೆರೆ ಎಳೆಯಿರಿ. ಅಂಥ ಎರಡು ನಕ್ಷೆ ಕೊಟ್ಟು, ಹೆಸರೆಲ್ಲ ಅಳಿಸಿ, ಚುಕ್ಕಿಗಳನ್ನು ಕಲಸಿಬಿಟ್ಟರೆ, ಎರಡರ ಸಂಬಂಧಗಳೂ ಒಂದೇ ಥರ ಇವೆಯಾ ಅಂತ ಕಂಪ್ಯೂಟರ್ ಎಷ್ಟು ಬೇಗ ಹೇಳಬಲ್ಲದು? ಇದೇ ಗ್ರಾಫ್ ಐಸೋಮಾರ್ಫಿಸಂ. ನಾವು ಬಿಇಯಲ್ಲಿ ಪರೀಕ್ಷೆಗೆ ಓದಿ, ಹೊರಗೆ ಬಂದ ಕೂಡಲೇ ಮರೆತದ್ದು. ಷಿಕಾಗೊ ವಿಶ್ವವಿದ್ಯಾಲಯದ ಲಾಸ್ಲೊ ಬಾಬಾಯ್ ಮಾತ್ರ ಹತ್ತಿರ ಹತ್ತಿರ ನಾಲ್ಕು ದಶಕ ಇದನ್ನು ಬಿಡಲಿಲ್ಲ.

1950ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವರು. 1980ರ ದಶಕದ ಆರಂಭದಲ್ಲಿ ಯುಜೀನ್ ಲಕ್ಸ್ ಜೊತೆ ಸೇರಿ ಈ ಸಮಸ್ಯೆಗೆ ಒಂದು ವೇಗದ ಮಿತಿ ಸಾಧಿಸಿದರು. ಆಮೇಲೆ ಮೂವತ್ತು ವರ್ಷ ಆ ದಾಖಲೆ ಅಲ್ಲಾಡಲಿಲ್ಲ. (ನಮಗೆ ಆರು ತಿಂಗಳಿಗೊಮ್ಮೆ ಅಪ್ರೈಸಲ್!) ಹಾಗಂತ ಸುಮ್ಮನೆ ಕೂತವರಲ್ಲ. 1985ರಲ್ಲಿ 'ಆರ್ಥರ್-ಮರ್ಲಿನ್' ಅನ್ನೋ ಪದ್ಧತಿ ಮುಂದಿಟ್ಟರು. ಮರ್ಲಿನ್ ಸರ್ವಶಕ್ತ ಮಾಂತ್ರಿಕ, ಆದರೆ ನಂಬುವ ಹಾಗಿಲ್ಲ. ರಾಜ ಆರ್ಥರ್ ಏನೇನೋ ಪ್ರಶ್ನೆ ಕೇಳಿ ಅವನ ಮಾತನ್ನು ಪರೀಕ್ಷಿಸಬೇಕು. ಹೇಳುವವನು ಎಷ್ಟು ದೊಡ್ಡವನು ಅನ್ನೋದು ಲೆಕ್ಕಕ್ಕಿಲ್ಲ.

2015ರ ನವೆಂಬರ್‌ನಲ್ಲಿ ಬಾಬಾಯ್ ತಮ್ಮ ಹೊಸ ಅಲ್ಗಾರಿದಂ ಪ್ರಕಟಿಸಿದರು. ಪಾಲಿನಾಮಿಯಲ್ ಅಲ್ಲ, ಆದರೆ ಅದರ ಪಕ್ಕದ ಮನೆ ಅನ್ನಬಹುದಾದ ಕ್ವಾಸಿ-ಪಾಲಿನಾಮಿಯಲ್ ವೇಗ. ಇಡೀ ಕ್ಷೇತ್ರ ಸಂಭ್ರಮಪಟ್ಟಿತು. ಗಣಿತಜ್ಞ ಹರಾಲ್ಡ್ ಹೆಲ್ಫ್‌ಗಾಟ್ ಇದರ ಬಗ್ಗೆ 2017ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಉಪನ್ಯಾಸ ಕೊಡಬೇಕಿತ್ತು. ತಯಾರಿಗೆ ಅಂತ ಸಾಲು ಸಾಲು ಓದುವಾಗ, ಸಮಯದ ಲೆಕ್ಕದಲ್ಲಿ ಒಂದು ತಪ್ಪು ಕಂಡಿತು. ಜನವರಿ 4ರಂದು ಬಾಬಾಯ್ ಎಲ್ಲರಿಗೂ ತಿಳಿಯುವಂತೆ ಬರೆದರು: ತಪ್ಪು ನಿಜ, ಆ ವೇಗದ ಹೇಳಿಕೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ.

ಜನವರಿ 9ಕ್ಕೆ ಸರಿಪಡಿಸಿದರು. ಹೇಳಿಕೆ ಮತ್ತೆ ಊರ್ಜಿತವಾಯಿತು.

ಬರೀ ಐದು ದಿನ! ಅಷ್ಟು ದಿನ ಸುಮ್ಮನಿದ್ದಿದ್ದರೆ ಏನು ಗಂಟು ಹೋಗ್ತಿತ್ತು? ಹೆಲ್ಫ್‌ಗಾಟ್‌ಗೆ ಗೊತ್ತಾಗಿಬಿಟ್ಟಿತ್ತಲ್ಲ, ಬೇರೆ ದಾರಿ ಇರಲಿಲ್ಲ ಅನ್ನಬಹುದು. ಆದರೂ 'ಒಂದು ವಾರ ಟೈಮ್ ಕೊಡಿ' ಅಂತ ಕೇಳಬಹುದಿತ್ತು. ನಾನಾಗಿದ್ದರೆ ಖಂಡಿತ ಕೇಳ್ತಿದ್ದೆ. ಆದರೆ ಐದು ದಿನ ಅನ್ನೋದು ಇವತ್ತು ಹಿಂತಿರುಗಿ ನೋಡುವ ನಮ್ಮ ಲೆಕ್ಕ. 4ನೇ ತಾರೀಕು ಅವರ ಕೈಯಲ್ಲಿದ್ದದ್ದು ತಪ್ಪು ಮಾತ್ರ. ರಿಪೇರಿ ಯಾವತ್ತು ಸಿಗುತ್ತೆ, ಸಿಗುತ್ತೋ ಇಲ್ಲವೋ, ಯಾರು ಹೇಳಬೇಕು? 'ಸರಿ ಮಾಡಿದ ಮೇಲೆ ಹೇಳ್ತೀನಿ' ಅನ್ನೋದು, ಇನ್ನೂ ಕೈಗೆ ಬಾರದ ಬೆಳೆ ನಂಬಿ ಊರವರ ಹತ್ತಿರ ಸಾಲ ಎತ್ತಿದ ಹಾಗೆ.

ಆ ಸಾಲ ನಾನು ಎತ್ತಿದ್ದೇನೆ. ಕೆಲವು ವರ್ಷದ ಹಿಂದೆ, ಬಿಲ್ಲಿಂಗ್ ಮಾಡ್ಯೂಲಿನಲ್ಲಿ ನಾನು ಬರೆದ ಕೋಡ್ ಪೈಸೆಗಳನ್ನು ತಪ್ಪಾಗಿ ರೌಂಡ್ ಮಾಡ್ತಿತ್ತು. ಗುರುವಾರ ರಾತ್ರಿ ನನಗೆ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಇನ್ನೊಂದು ಬದಲಾವಣೆಯ ಜೊತೆ ಸೇರಿಸಿ ಫಿಕ್ಸ್ ಹಾಕಿದೆ. ಇನ್ನೂ ರಿಲೀಸ್ ಆಗಿರಲಿಲ್ಲ, ಗ್ರಾಹಕರಿಗೆ ಒಂದು ಪೈಸೆ ನಷ್ಟವಿಲ್ಲ. ಆದರೆ ಟೆಸ್ಟಿಂಗ್‌ಗೆ ಹೊಸದಾಗಿ ಸೇರಿದ್ದ ಹುಡುಗಿ, ಮೊತ್ತ ತಾಳೆ ಆಗ್ತಿಲ್ಲ ಅಂತ ಶನಿವಾರ, ಭಾನುವಾರ ಎರಡೂ ದಿನ ತನ್ನ ಡೇಟಾ ಜಾಲಾಡಿದ್ದಳು. ಸೋಮವಾರ ಮಧ್ಯಾಹ್ನ ತಾನಾಗಿ ತಾಳೆ ಆಯಿತು. ಕ್ಯಾಂಟೀನಿನಲ್ಲಿ ಸಿಕ್ಕಿ, 'ನನ್ನ ಕಡೆಯೇ ಏನೋ ತಪ್ಪಿತ್ತು ಅನ್ಸುತ್ತೆ ಸರ್' ಅಂದಳು.

'ಆಗುತ್ತೆ ಬಿಡಿ' ಅಂದೆ.

ಕೋಡ್ ಸರಿಹೋಯಿತು, ನಿಜ. ತಪ್ಪು ಯಾರದು ಅಂತ ಅವಳ ತಲೆಯಲ್ಲಿ ಕೂತದ್ದನ್ನು ಯಾವ ಫಿಕ್ಸೂ ಮುಟ್ಟಲಿಲ್ಲ. ಎರಡು ತಿಂಗಳಾದ ಮೇಲೂ, ಅವಳು ಬಗ್ ರಿಪೋರ್ಟ್ ಕಳಿಸುವಾಗ 'ಬಹುಶಃ ನನ್ನದೇ ತಪ್ಪಿರಬಹುದು' ಅಂತ ಮೊದಲ ಸಾಲಿನಲ್ಲೇ ಬರೀತಿದ್ದಳು.